ನಾಲ್ಕನೇ ಪೆಟ್ಟಿಗೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ತೂಕದ ಕಟ್ಟೆಗೂ ಶೌಚಾಲಯಕ್ಕೂ ನಡುವಿನ ಕೋಣೆ ನನ್ನದು.
ಒಂದು ಕಂಪ್ಯೂಟರು, ಇಟ್ಟಿಗೆಯ ಮೇಲೆ ಕೂತ ಪ್ರಿಂಟರು,
ಎರಡಕ್ಕೂ ಅಂಟಿದ ಹುಳದ ವಾಸನೆ.
ಹರಾಜಿನ ದರ ಎಕ್ಸೆಲ್ಲಿಗೆ ತುಂಬುತ್ತೇನೆ:
ಲಾಟು, ತೂಕ, ತಳಿ, ಕಿಲೋಗೆ ಎಷ್ಟು.
ತಿಂಗಳಿಗೊಮ್ಮೆ ಅವೇ ಅಂಕಿಗಳು
ಪವರ್‌ಪಾಯಿಂಟಿನ ಬಟ್ಟೆ ತೊಟ್ಟು
ಚಿಕ್ಕಬಳ್ಳಾಪುರದ ಸಭೆಗೆ ಹೋಗಬೇಕು.

ನಕಲು ಮಾಡಿ ಅಂಟಿಸುತ್ತ ಕೂತರೆ ಎರಡು ದಿನ.
ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಮುಬೀನ್ ತಾಜ್
ಮ್ಯಾಕ್ರೋ ಒಂದನ್ನು ಬರೆದಿಟ್ಟಿದ್ದಳು, ಸ್ಲೈಡುಗಳ ಕಡತದೊಳಗೇ.
ನಾನು ಮಾಡಿದ್ದು ಇಷ್ಟೇ:
ಅಂಕಿಗಳ ಹಾಳೆಯಲ್ಲೊಂದು ಗುಂಡಿ ಇಟ್ಟೆ.
ಒತ್ತಿದರೆ ಈ ಮನೆಯಿಂದ ಆ ಮನೆಯವಳನ್ನು ಕೂಗಬೇಕು.

ಬರೀ ಹೆಸರು ಹಿಡಿದರೆ ಓಗೊಡುವುದಿಲ್ಲ.
ಮೊದಲು ಕಡತದ ಹೆಸರು,
ಆಮೇಲೊಂದು ಆಶ್ಚರ್ಯಸೂಚಕ,
ಆಮೇಲೆ ಕರೆಯಬೇಕಾದವಳ ಹೆಸರು.
ನಮ್ಮೂರಲ್ಲೂ ಹಾಗೇ ತಾನೆ,
'ಸೊಪ್ಪಿನ ನಾರೆಪ್ಪನ ಮನೇದಾ! ಗಂಗುಲಮ್ಮಾ' ಎಂದರೇ
ಬಾಗಿಲಿಗೆ ಬರುವುದು ಸರಿಯಾದ ಗಂಗುಲಮ್ಮ.

ಇನ್ನೊಂದು ಹಟ ಅದಕ್ಕೆ.
ಮರೆಯಲ್ಲೇ ಇರು, ಕೆಲಸ ಮುಗಿಸಿ ಹೋಗು ಅಂದೆ.
ಒಪ್ಪಲಿಲ್ಲ.
ಎಕ್ಸೆಲ್ಲು ಬೇಕಾದರೆ ಒಳಮನೆಯಲ್ಲಿ ಕೂತು ದುಡಿದೀತು,
ಇದು ಮುಖ ತೋರಿಸದೆ ಒಂದು ಗೆರೆಯನ್ನೂ ಎಳೆಯದು.

ಹೋದ ಮಂಗಳವಾರ ಮೊದಲ ಸ್ಲೈಡಿಗೇ ನಿಂತಿತು.
ಒಂದು ಸಾಲಿಗೆ ಅರಿಶಿನ ಬಳಿದು ಸುಮ್ಮನಾಯಿತು.
ಆ ವಸ್ತು ಸಿಗಲಿಲ್ಲ, ಅಂತು.
ಯಾವ ವಸ್ತು? ಹೇಳುವುದಿಲ್ಲ.
ಹನ್ನೆರಡಕ್ಕೆ ಜೀಪು.

ಕಿಟಕಿ ತೆರೆದೆ.
ಗುತ್ತಿಗೆ ಮುಗಿದ ಮೇಲೆ ಅವಳು
ಅಪ್ಪನ ಫಿಲೇಚರಿಗೆ ಗೂಡು ಕೊಳ್ಳುತ್ತಾಳೆ,
ದಿನವೂ ಇಲ್ಲೇ, ಜಾಲರಿಗಳ ಸಾಲಿನಲ್ಲಿ,
ಹಿಡಿ ಗೂಡು ಕಿವಿಯ ಹತ್ತಿರ ಅಲ್ಲಾಡಿಸಿ,
ಮೊಬೈಲಿನಲ್ಲಿ ಬಿಡ್ಡು ಒತ್ತುತ್ತ.
'ಬಾಷು ಸಾಬ್ರ ಮನೇದಾ! ಮುಬೀನಾ'
ಒಂದು ಬೆರಳೆತ್ತಿದಳು, ತಡಿ.
ಫೋನು ನೋಡಿದಳು, ನನ್ನ ಮುಖ ನೋಡಿದಳು,
ಬಂದೇಬಿಟ್ಟಳು.

ತೆರೆಯತ್ತ ತಿರುಗಲೂ ಇಲ್ಲ. ಬಾಗಿಲಲ್ಲೇ ನಿಂತು
'ನನ್ನ ಹೆಸ್ರು ಎತ್ತಿಬಿಟ್ಯಾ?'

ಎತ್ತಿದ್ದೆ.
ತಯಾರಿಸಿದವರು, ಮುಬೀನ್ ತಾಜ್.
ಬಿಟ್ಟುಹೋದೋರ ಹೆಸರು ಇನ್ನೂ ಯಾಕಮ್ಮ
ಎಂದಿದ್ದರು ಚೌಡರೆಡ್ಡಿ ಸಾಹೇಬರು.
ಬಿಟ್ಟುಹೋದವಳಲ್ಲ ಎಂದು ನಾನು ಹೇಳಬಹುದಿತ್ತು.
ಡಿಲೀಟು ಒತ್ತುವುದು ಸುಲಭವಾಗಿತ್ತು.

'ಅದು ನಾಲ್ಕನೇ ಪೆಟ್ಟಿಗೆ ಕಣೇ.
ಮಿಕ್ಕ ಅಕ್ಷರಕ್ಕೆಲ್ಲ ಅಳತೆ ಅದರಿಂದ್ಲೇ ತಗೊಳ್ಳತ್ತೆ.
ಸಾಹೇಬ್ರು ಕನ್ನಡಕ ಮರೆತು ಬರ್ತಾರೆ ಅಂತ
ದೊಡ್ಡದಾಗಿ ಇಟ್ಟಿದ್ದೆ.'

ನನ್ನ ಕೈಯಿಂದ ಮೌಸು ತೆಗೆದುಕೊಂಡಳು.
ಪೆಟ್ಟಿಗೆ ಎಳೆದಳು, ಹೆಸರು ಬರೆದಳು,
ಅದಕ್ಕೆ ಬಿಳಿ ಬಣ್ಣ ಕೊಟ್ಟಳು.
ಬಿಳಿ ಹಾಳೆಯ ಮೇಲೆ ಬಿಳಿ,
ಹತ್ತಿಯ ಮೇಲಿಟ್ಟ ದ್ವಿತಳಿ ಗೂಡಿನ ಹಾಗೆ.
'ಸಾಹೇಬ್ರಿಗೆ ಕಾಣಲ್ಲ. ಮ್ಯಾಕ್ರೋಗೆ ಕಾಣತ್ತೆ.'

ಗುಂಡಿ ಒತ್ತಿದೆ.
ಹನ್ನೊಂದು ಸ್ಲೈಡು, ನಲವತ್ತು ಸೆಕೆಂಡು,
ದಪ್ಪ ದಪ್ಪ ಅಕ್ಷರ.

ಅಷ್ಟರಲ್ಲಿ ಇನ್ನೂರ ಹದಿನಾಲ್ಕನೇ ಲಾಟು
ಮೂರು ರೂಪಾಯಿ ಅಂತರದಲ್ಲಿ ಬೇರೆಯವರ ಪಾಲಾಗಿತ್ತು.
ಫೋನು ಜೇಬಿಗಿಟ್ಟು 'ಹೋಗ್ಲಿ ಬಿಡು' ಅಂದಳು,
ಟೀ ಬೇಡವೆಂದು ಹೊರಟಳು.

ಸಂಜೆ ಆ ದರವನ್ನು ನಾನೇ ತುಂಬಿದೆ.
ಈಗ ಅದು ಸರಾಸರಿಯಲ್ಲಿದೆ.