ಅರವತ್ತು ಟಕ್ಕೆ

ಸೊಲ್ಲಾಪುರದ ಮೇ ತಿಂಗಳು.
ತೊಳೆದ ಚಾದರು ಹಗ್ಗದ ಮೇಲೆ ಹಾಕಿ
ಆ ತುದಿ ಸರಿಮಾಡುವಷ್ಟರಲ್ಲಿ ಈ ತುದಿ ಒಣಗಿರುತ್ತದೆ.
ಹಪ್ಪಳಕ್ಕೆ ಒಳ್ಳೆಯ ಕಾಲ. ಹಾವಿಗಲ್ಲ.

ಹಾವು ನನ್ನ ಮಗನದು. ಹೆಸರು ಉಂಡಿ.
ಆಫ್ರಿಕಾದ ತಳಿ, ಕಾಗದಪತ್ರ ಎಲ್ಲ ಸರಿ ಇದೆ.
ಹೆದರಿದರೆ ತಲೆ ಒಳಗಿಟ್ಟು
ಶೇಂಗಾ ಉಂಡಿಯ ಹಾಗೆ ಸುತ್ತಿಕೊಳ್ಳುತ್ತದೆ.
ಗಾಜಿನ ಪೆಟ್ಟಿಗೆ, ಮೇಲೆ ಜಾಳಿಗೆಯ ಮುಚ್ಚಳ,
ಮೂಲೆಯಲ್ಲಿ ಬಿಲ್ಲೆಯಷ್ಟು ಗಡಿಯಾರ.
ಅದು ಹೊತ್ತು ಹೇಳುವುದಿಲ್ಲ, ಹಸಿ ಹೇಳುತ್ತದೆ.
ಮೂವತ್ತೊಂದು ಟಕ್ಕೆ, ಅಂದಿತು ಆ ಮಧ್ಯಾಹ್ನ.
ಬೇಕಾದದ್ದು ಅರವತ್ತು.

ಕಳೆದ ಸಲ ಪೊರೆ ಚೂರುಚೂರಾಗಿ ಬಂದಿತ್ತು
ಹಳೆ ಗೋಡೆಯ ಸುಣ್ಣದ ಹಾಗೆ.
ಬಾಲದ ತುದಿಗೆ ಒಂದು ಉಂಗುರ ಬಿಗಿದು ಉಳಿಯಿತು.
ಎಡಗಣ್ಣಿನ ಮೇಲಿನದು ಬಿಡಲೇ ಇಲ್ಲ;
ವಾರಗಟ್ಟಲೆ ನಾವು ಅದಕ್ಕೆ ಮಂಜಿನೊಳಗಿನ ಮಂದಿ.

ಅದಕ್ಕೇ ಈ ಸಲ ಪ್ರಭ್ಯಾ ಇಸ್ತ್ರಿಯ ಬಾಟಲಿ ಹಿಡಿದು
ಗಂಟೆಗೊಮ್ಮೆ ಫುಸ್ ಫುಸ್ ಫುಸ್.
ಗಾಜು ಬೆವರಿತು. ತೆಂಗಿನ ನಾರಿನ ಪುಡಿ ಕೆಸರಾಯಿತು.
ಟಕ್ಕೆ ತೊಂಬತ್ತು ಮುಟ್ಟಿ, ನಾವು ಊಟ ಮುಗಿಸುವುದರೊಳಗೆ
ಮತ್ತೆ ನಲವತ್ತಕ್ಕೆ ಬಿತ್ತು.

ಅಪ್ಪನಿಗೆ ಹಾವೆಂದರೆ ಆಗುವುದಿಲ್ಲ.
ಪೆಟ್ಟಿಗೆ ಬಂದ ದಿನ ಮಂಚ ಹೊತ್ತು ಅಂಗಳಕ್ಕೆ ಹೋದವನು
ಸೊಳ್ಳೆ ತಾಳದೆ ಮೂರನೆಯ ರಾತ್ರಿ ತಿರುಗಿ ಬಂದ.
ಅವತ್ತು ಮಾತ್ರ ಬಾಗಿಲಲ್ಲೇ ನಿಂತು ಕೇಳಿದ:
“ಒಳಗ ಹವಾ ಎಷ್ಟದ?”

ಇಪ್ಪತ್ತೆಂಟು ವರ್ಷ ಹಳೇ ಗಿರಣಿಯ ನೂಲುಖಾತೆಯಲ್ಲಿ
ಅಪ್ಪನ ಕೆಲಸ ಅದೇ: ಹಸಿ ನೋಡುವುದು.
ಗೋಡೆಗೆ ಜೋಡಿ ಥರ್ಮಾಮೀಟರು,
ಒಂದರ ಬುರುಡೆಗೆ ಒದ್ದೆ ಬತ್ತಿ, ಇನ್ನೊಂದು ಬೋಳು.
ಎರಡರ ನಡುವಿನ ಅಂತರ ಓದಿ ನಳ ತಿರುಗಿಸಬೇಕು.
ಹವೆ ಒಣಗಿದರೆ ಎಳೆ ಹರಿಯುತ್ತದೆ,
ಎಳೆ ಹರಿದರೆ ಸಾಹೇಬನ ನಾಲಿಗೆ ಹರಿಯುತ್ತದೆ.

“ನೀರ ಹೊಡೀಬ್ಯಾಡೋ ಹುಡುಗಾ, ಹವಾ ತೊಯಿಸು.”
ಜಾಳಿಗೆಯ ಮುಕ್ಕಾಲಿಗೆ ಒದ್ದೆ ಟಾವೆಲು ಹಾಸಿಸಿದ.
ನೀರಿನ ಬೋಗುಣಿಯನ್ನು ದೀಪದ ಬದಿಗೆ ಸರಿಸಿದ,
ತಾನಲ್ಲ, ದೂರದಿಂದ ಕೋಲು ತೋರಿಸಿ.
ಐಸ್‌ಕ್ರೀಮ್ ಡಬ್ಬಿಗೆ ತೂತು ಕೊರೆಸಿ
ಒಳಗೆ ಹಿಂಡಿದ ಪಾಚಿ ತುಂಬಿಸಿದ:
“ಇದು ಅದರ ಬಾಣಂತಿ ಖೋಲಿ.”
ಫ್ಯಾನು ಬಂದ್. ನಾವು ಬೆವರಿದೆವು.
ಸಂಜೆಗೆ ಐವತ್ತೆಂಟು. ರಾತ್ರಿ ಅರವತ್ತೆರಡು.
ಅಲ್ಲೇ ನಿಂತಿತು.

ಎರಡು ಗಂಟೆಗೆ ನೀರಡಿಸಿ ಎದ್ದರೆ
ಅಪ್ಪ ಸ್ಟೂಲಿನ ಮೇಲೆ, ಗಾಜಿಗೆ ಕಿವಿ ಕೊಟ್ಟು.
“ಉಸರು ಕೇಳಾಕತ್ತೀನಿ.
ಹಸಿ ಹೆಚ್ಚಾದರ ಇದಕ್ಕೂ ಎದಿ ಗೊರ್ ಅಂತದಂತ.”
ಇದಕ್ಕೂ, ಅಂದ.
ಆಮೇಲೆ ಅವನದೇ ಕೆಮ್ಮು ಬಂತು.
ಗಾಜಿಗೆ ತಾಗದಂತೆ ಮುಖ ತಿರುಗಿಸಿ
ಬಹಳ ಹೊತ್ತು ಕೆಮ್ಮಿದ.
“ನಿಮಗೆಷ್ಟು ಟಕ್ಕೆ ಬೇಕಂತ ನಮ್ಮನ್ಯಾರೂ ಕೇಳಲಿಲ್ಲ ನೋಡು.
ಗ್ವಾಡಿ ಮ್ಯಾಲ ಬರದದ್ದೆಲ್ಲಾ ನೂಲಿಂದು.”
ನಾನೇನೂ ಅನ್ನಲಿಲ್ಲ. ತಂಬಿಗೆ ಕೊಟ್ಟೆ.

ಉಂಡಿಯ ಕಣ್ಣು ಹಾಲುನೀಲಿಯಾಗಿ, ಮತ್ತೆ ತಿಳಿಯಾಗಿ,
ಗುರುವಾರ ಡಬ್ಬಿಯ ತೂತಿನಿಂದ ಹೊಸದಾಗಿ ಹೊರಬಂತು.
ಒಳಗೆ ಉಳಿದಿತ್ತು ಪೊರೆ, ಮೂತಿಯಿಂದ ಬಾಲದವರೆಗೆ ಅಖಂಡ,
ಬಿಚ್ಚುವಾಗ ತಿರುವುಮುರುವಾದ ಕಾಲುಚೀಲದ ಹಾಗೆ.
ಪ್ರಭ್ಯಾ ಬೆಳಕಿಗೆ ಹಿಡಿದು
ಕಣ್ಣಿನ ಬಿಲ್ಲೆಗಳನ್ನು ಎಣಿಸಿದ: ಒಂದು. ಎರಡು.

ಹಾವು ಮುಟ್ಟದ ಅಪ್ಪ ಪೊರೆ ಮುಟ್ಟಿದ.
ಹೆಬ್ಬೆರಳು ತೋರುಬೆರಳಿನ ನಡುವೆ ಸರಿಸುತ್ತ ಹೋದ,
ಗಂಟು ಹುಡುಕುವವನಂತೆ, ಕೊನೆಯವರೆಗೆ.
“ಎಲ್ಲೂ ಹರದಿಲ್ಲ.”

ಟಾವೆಲು ಒಣಗಿತ್ತು. ನಳದಲ್ಲಿ ನೀರು ಬರುವುದು ನಾಳೆ.
ಕುಡಿಯುವ ಕೊಡದಿಂದಲೇ
ಒಂದು ತಂಬಿಗೆ ತೆಗೆದೆ.