ನಲವತ್ತೆರಡು ಸೇರು

ಆಟಿಯ ಕಾರ್ಯಕ್ರಮಕ್ಕೆ ವೇದಿಕೆಯ ಎರಡು ಬದಿಗೂ
ಒಂದೊಂದು ಅಕ್ಕಿಮುಡಿ ಇರಲಿ ಅಂತ
ಮಂಗಳೂರಿನ ನಮ್ಮ ಸಮಿತಿಯಲ್ಲಿ ಠರಾವಾಯಿತು.
ಒಳಗೆ ಥರ್ಮಾಕೋಲ್ ಸಾಕು,
ಫೋಟೋದಲ್ಲಿ ಯಾರಿಗೆ ಗೊತ್ತಾಗುತ್ತದೆ ಅಂದರು.
ಖಜಾಂಚಿ ನಾನು.
ಸಾವಿರದ ಇನ್ನೂರು ಅಂತ ಬರೆದುಕೊಂಡು
ಬೆಳಗಿನ ಬಸ್ಸಿನಲ್ಲಿ ಕಾಪು ದಾಟಿ ಇನ್ನಂಜೆಗೆ ಹೋದೆ.

ಬಾಬು ಮೂಲ್ಯರಿಗೆ ಕಿವಿ ಮಂದ, ಬೆರಳು ಚುರುಕು.
ಬೈಹುಲ್ಲಿಗೆ ನೀರು ಚಿಮುಕಿಸಿ ಹಗ್ಗ ಹೊಸೆಯುತ್ತ ಕೇಳಿದರು:
"ಎಷ್ಟು ಸೇರಿನದ್ದು?"
"ಖಾಲಿಯದ್ದು."
ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಕೂಗಿದೆ.
ಕೇಳಿಸಿತ್ತು.

"ಖಾಲಿಯದ್ದನ್ನು ಕಟ್ಟುವುದು ಹೇಗೆ ಮಾರಾಯ್ತಿ?
ಹುಲ್ಲು ಎಲ್ಲಿ ನಿಲ್ಲಬೇಕು ಅಂತ
ಅಕ್ಕಿ ಹೇಳಬೇಕು."

ಆಮೇಲೆ ಹಗ್ಗದ ಜೊತೆ ಮಾತೂ ಉದ್ದವಾಯಿತು.
ಅವರ ಅಮ್ಮ ಅಪ್ಪಿ, ಆಟಿಯ ಮಳೆಗೆ ತಗತೆ ಸೊಪ್ಪು ಬೇಯಿಸುವುದು,
ಉಪ್ಪಿದ್ದರೆ ಉಪ್ಪು.
ಒಲೆಯ ನೇರ ಮೇಲೆ, ಹೊಗೆ ಕುಡಿದು ಕಪ್ಪಾಗಿ
ಸುಗ್ಗಿಯ ಬಿತ್ತಿನ ಮುಡಿ.
ಮಕ್ಕಳು ಅಂಗಾತ ಮಲಗಿ ಅದನ್ನೇ ನೋಡುವುದು.
ನಾಯಿಯಿಲ್ಲ, ಬೀಗವಿಲ್ಲ,
ಹಸಿದವರೇ ಕಾವಲು.

ಎಲ್ಲ ಸುರುವಾದದ್ದು ಹೀಗೆಯೇ ಇರಬೇಕು.
ಯಾವುದೋ ಹೆಂಗಸು, ಯಾವುದೋ ಮಳೆಗಾಲ,
ಕೊನೆಯ ಮುಷ್ಟಿಯನ್ನು ಬೇಯಿಸದೆ ಬದಿಗಿಟ್ಟಳು.
ಅವತ್ತು ರಾತ್ರಿ ಮಗು ಅತ್ತಿರುತ್ತದೆ.
"ನಾಳೆ" ಅಂದಿರುತ್ತಾಳೆ,
ಆ ಶಬ್ದ ಅದಕ್ಕೆ ಮೊದಲು ಯಾರಿಗೂ ಬೇಕಾಗಿರಲಿಲ್ಲ.
ನಾಳೆ ಇದ್ದಮೇಲೆ ಅಟ್ಟ ಬೇಕು,
ಅಟ್ಟಕ್ಕೆ ಏಣಿ,
ಹತ್ತಿದವನಿಗೆ ಏಣಿಯನ್ನು ಮೇಲೆಳೆದುಕೊಳ್ಳುವ ಬುದ್ಧಿ.
ಎಣಿಸಲಿಕ್ಕೆ ನನ್ನಂಥವರು.
ಅಳಿಯನಿಗೋ ಮಗನಿಗೋ ಎಂಬ ಕೋರ್ಟು.
ನೀರು ಎಷ್ಟು ದಿನ ನಿಲ್ಲುತ್ತದೆ ನೋಡಿ
ಬೈಲು, ಮಜಲು, ಬೆಟ್ಟು ಅಂತ ಗದ್ದೆಗಿಟ್ಟ ಹೆಸರು
ಮೆಲ್ಲಗೆ ಮನುಷ್ಯರ ಮೈಗೂ ಹತ್ತಿತು.
ನೆಟ್ಟವರು, ಕೊಯ್ದವರು
ಹುಣಿಯ ಆಚೆಯೇ ನಿಂತು ಸೆರಗೊಡ್ಡಿದರು,
ಅಳೆಯುವವನ ಕೈ ತಾಗದಷ್ಟು ದೂರ.
ಅವರ ಹಾಡು ಮಾತ್ರ ಹುಣಿ ದಾಟಿ ಒಳಗೆ ಬರುತ್ತಿತ್ತು.
ಹಾಡಿಗೆ ಮೈಲಿಗೆ ಇಲ್ಲ, ಪಹಣಿಯೂ ಇಲ್ಲ.

"ಗುತ್ತಿಗೆ ಎಷ್ಟು ಮುಡಿ ಹೊತ್ತಿರಿ?"
"ಲೆಕ್ಕವುಂಟೇ? ಚಾವಡಿಯವರೆಗೆ. ಅಟ್ಟ ಹತ್ತಿದವನಲ್ಲ."
"ಯಾವತ್ತೂ?"
"ಗೇಣಿ ಹೋದ ವರ್ಷ ಹತ್ತಿ ನೋಡಿದೆ.
ಇಲಿ ಇತ್ತು."
ಇಡೀ ಮೈ ಕುಲುಕಿ ನಕ್ಕರು.

ಒಳಗಿಂದ ಸೇರು ಬಂತು. ಮೊದಲ ಸೇರಿಗೆ
ಒಂದು ಅನ್ನಲಿಲ್ಲ,
"ಲಾಭ" ಅಂದರು. ಆಮೇಲೆ ಎರಡು, ಮೂರು.
ನನ್ನ ಪುಸ್ತಕದಲ್ಲಿ ಲಾಭ ಕೊನೆಯ ಸಾಲಿಗೆ ಬರುವುದು,
ಬಂದರೆ.
ಹದಿನಾಲ್ಕಕ್ಕೊಂದು ಕಳಸೆ. ಎರಡು ಕಳಸೆಗೆ ಮನೆಯ ಅಕ್ಕಿ ಮುಗಿಯಿತು.
ಮೂರನೆಯದನ್ನು ಆಚೆಮನೆಯ ಸೆಲೆಸ್ತಿನ್ ಬಾಯಿ ಬೇಲಿಯ ಮೇಲಿಂದ ದಾಟಿಸಿದರು:
"ಮೊಂತಿ ಹಬ್ಬದ ಒಳಗೆ ತಿರುಗಿ ಕೊಡಬೇಕು, ಆಯಿತಾ?"

ಕೊಡತಿಯಲ್ಲಿ ಬಡಿದು, ತಿರುಗಿಸಿ, ಮತ್ತೆ ಬಡಿದು
ಗುಂಡಗಾದ ಮೇಲೆ
ಜಗಲಿಯಿಂದ ಅಂಗಳಕ್ಕೆ ಕಾಲಲ್ಲಿ ದೂಡಿಬಿಟ್ಟರು.
ಒಂದು ಕಾಳು ಹೊರಗೆ ಬರಲಿಲ್ಲ.
"ಈಗ ತೆಗೆದುಕೊಂಡು ಹೋಗು. ಇನ್ನೊಂದು ಬದಿ ಖಾಲಿ ಇರಲಿ."

ಅಕ್ಕಿಯ ಹಣ, ರಿಕ್ಷಾದ ಹಣ,
ಠರಾವಿನ ಸಾವಿರದ ಇನ್ನೂರು ಎಲ್ಲಿಗೂ ಸಾಲಲಿಲ್ಲ.
ಕಾರ್ಯಕ್ರಮ ಮುಗಿದ ಮೇಲೆ ಇದನ್ನು ಇಡುವುದೆಲ್ಲಿ
ಅಂತ ಯಾರೂ ಯೋಚಿಸಿರಲಿಲ್ಲ.
ಹಾಲ್‌ಗೆ ಅಟ್ಟವಿಲ್ಲ.

ಡೆಕೊರೇಷನ್‌ನ ಹುಡುಗರಿಬ್ಬರು ಬಂದರು,
ಒಂದೇ ಕೈಯಲ್ಲಿ ಎತ್ತಲು ಹೊರಟ ಮೊದಲನೆಯವನು
ಮುಗ್ಗರಿಸಿದ.
ಎರಡನೆಯವನು ಸುಮ್ಮನೆ ಒಂದು ಗಳಿಗೆ ನಿಂತು
ಚಪ್ಪಲಿ ಕಳಚಿಟ್ಟ.