ತಲೆ ಯಾವ ಕಡೆ

ಹೊರಗೆ ನಲವತ್ತಮೂರು ಡಿಗ್ರಿ.
ಲಿಂಗಸುಗೂರು ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತದೆ.
ಒಳಗೆ, ಹಳೇ ಫ್ರಿಜ್ಜಿನ ಪಕ್ಕದ ಪೆಟ್ಟಿಗೆಯಲ್ಲಿ
ಇಪ್ಪತ್ತೇ ಡಿಗ್ರಿ; ಐದಾರು ಮೇಲೇರಿದರೆ
ಮೊಟ್ಟೆಯಿಡುವುದನ್ನೇ ಬಿಟ್ಟುಬಿಡುತ್ತವೆ
ರಾಯಚೂರಿನ ಬಿಸಿಲರಿಯದ ಈ ಹುಳಗಳು.

ಒಂದು ಮಿಲಿಮೀಟರು ಉದ್ದ.
ಅಲ್ಪವಿರಾಮದ ಬಾಲದಷ್ಟು.
ಮೈಯೆಲ್ಲ ಗಾಜು: ತಿಂದದ್ದು ಕಾಣುತ್ತದೆ, ಬಸಿರು ಕಾಣುತ್ತದೆ.
ಮುನ್ನೂರ ಎರಡು ನರಕೋಶ, ಒಂದೊಂದಕ್ಕೂ ಹೆಸರಿಟ್ಟು
ಯಾರೋ ಎಂದೋ ನಕ್ಷೆ ಬರೆದಿಟ್ಟಿದ್ದಾರೆ.
ನಮ್ಮ ಓಣಿಗೂ ಅಂಥ ನಕ್ಷೆಯಿಲ್ಲ.

ಕೆಲವು ಕೋಶಗಳೊಳಗೆ ಪಾಚಿಯದೊಂದು ಜೀನ್ ಸೇರಿಸಿದೆ.
ಆಮ್ ತಲಾಬಿನ ಮೇಲೆ ಹಸಿರು ಕಟ್ಟುತ್ತದಲ್ಲ,
ಅದರ ದೂರದ ನೆಂಟ.
ಬೆಳಕು ಕಂಡರೆ ಬಾಗಿಲು ತೆಗೆಯುವ ಗುಣ ಅದರದು.
ನೀಲಿ ಬಿದ್ದರೆ ಸಾಕು, ಕೋಶಕ್ಕೆ ಅನ್ನಿಸುತ್ತದೆ
ಯಾರೋ ಮೈಗೆ ತಾಕಿದರು ಎಂದು.
ಹುಳ ಹಿಂದೆ ಸರಿಯುತ್ತದೆ.
ಯಾರೂ ಮುಟ್ಟಿರುವುದಿಲ್ಲ.

ನನ್ನ ಪಾಲಿನ ಕೆಲಸ ಪ್ರೋಗ್ರಾಂ.
ಹುಳವನ್ನು ಅಂಟಿಸುವಂತಿಲ್ಲ, ಅದುಮುವಂತಿಲ್ಲ,
ತನ್ನ ಪಾಡಿಗೆ ತಾನು ಹೋಗುತ್ತಿರಬೇಕು,
ಅದರಡಿಯ ಮೇಜೇ ಸರಿದು ಸರಿದು ಅದನ್ನು ನಡುವಲ್ಲಿಡಬೇಕು.
ಸೆಕೆಂಡಿಗೆ ಐವತ್ತು ಚಿತ್ರ,
ಚಿತ್ರದಿಂದ ಅಂಚು, ಅಂಚಿನಿಂದ ಬೆನ್ನುಗೆರೆ,
ಗೆರೆಯ ಮೇಲೆ ನೂರು ಚುಕ್ಕಿ,
ಒಂದರಿಂದ ಹದಿನೆಂಟರವರೆಗೆ ಸಣ್ಣ ಕನ್ನಡಿಗಳು ತಿರುಗಿ
ನೀಲಿ ಸುರಿಯಬೇಕು, ಹತ್ತೊಂಬತ್ತಕ್ಕೆ ಸೋಕಬಾರದು.
ರಂಗೋಲಿ ಹಾಕುವವಳ ಕೈಕೆಳಗೆ ಅಂಗಳವೇ ಓಡಿದ ಹಾಗೆ.
ಎಷ್ಟು ಬೇಗ ಲೆಕ್ಕ ಮಾಡಿದರೂ
ಬೆಳಕು ಬೀಳುವುದು ಹುಳ ಈಗಷ್ಟೇ ಇದ್ದಲ್ಲಿ.
ಇಪ್ಪತ್ತು ಮಿಲಿಸೆಕೆಂಡಿನ ಹಿಂದಣ ಹುಳ.
ಅಷ್ಟು ತಡ ನಡೆಯುತ್ತದೆ.

ನಡೆಯದ್ದು ಬೇರೆ.

ಸುರುಳಿ ಸುತ್ತಿ ಬಿಚ್ಚಿಕೊಂಡಾಗಲೆಲ್ಲ
ಪ್ರೋಗ್ರಾಮಿಗೆ ದಿಕ್ಕು ತಪ್ಪುತ್ತಿತ್ತು.
ಬಾಲಕ್ಕೆ ಒಂದನೇ ನಂಬರು ಕೊಟ್ಟು
ಬಾಲಕ್ಕೇ ನೀಲಿ ಬಿಡುತ್ತಿತ್ತು; ಹುಳ
ಹಿಂದೆ ಸರಿಯಬೇಕಾದದ್ದು ಮುಂದೆ ನುಗ್ಗುತ್ತಿತ್ತು.
ಇದು ಹುಳದ ಸ್ವಭಾವವೆಂದು ತಿಳಿದು
ಹನ್ನೆರಡು ದಿನ ಗ್ರಾಫು ಬರೆದೆ.

ಉರುಕುಂದಮ್ಮ ತಟ್ಟೆ ತೊಳೆಯುವವಳು, ಅಗರ್ ಕುದಿಸುವವಳು.
ಮೊದಲು ಜಿನ್ನಿಂಗ್ ಮಿಲ್ಲಿನಲ್ಲಿ ಹನ್ನೊಂದು ಹಂಗಾಮು
ಹತ್ತಿಯೊಳಗಿನ ಗುಲಾಬಿ ಹುಳ ಆಯ್ದ ಬೆರಳು.
ಬಕೆಟ್ಟು ಕೆಳಗಿಟ್ಟು ಪರದೆ ನೋಡಿದಳು.
"ಅದು ತಲಿ ಅಲ್ರೀ ಮೇಡಂ.
ತಲಿ ಅಂದ್ರ ಹುಡುಕ್ತೈತಿ. ಆಕಡಿ ಈಕಡಿ, ಸುಮ್ನಿರಂಗಿಲ್ಲ.
ಬಾಲ ಏನ್ ಹುಡುಕ್ತೈತ್ರಿ, ಹಿಂದಿಂದ ಬರ್ತೈತಿ ಅಷ್ಟ."

ಮೊದಲ ಐದು ಚುಕ್ಕಿ, ಕೊನೆಯ ಐದು ಚುಕ್ಕಿ,
ಯಾವುದು ಹೆಚ್ಚು ತೂಗಾಡುತ್ತದೆ, ಇಷ್ಟೇ ಲೆಕ್ಕ.
ನಾಲ್ಕು ಸಾಲು. ರಾತ್ರಿ ಒಂಬತ್ತಕ್ಕೆ ಬರೆದು ಓಡಿಸಿದೆ.
ಸಾಲುಗಳ ನೆತ್ತಿಗೆ ಯಂತ್ರ ಓದದ ಒಂದು ಟಿಪ್ಪಣಿ:
ಉರುಕುಂದಮ್ಮ ಹೇಳಿದ್ದು.

ಮರುದಿನ ಅವಳನ್ನೇ ಕುರ್ಚಿಯಲ್ಲಿ ಕೂಡಿಸಿದೆ.
ಒಲ್ಲೆ ಒಲ್ಲೆ ಎನ್ನುತ್ತ ಸೆರಗಿಗೆ ಕೈ ಒರೆಸಿ ತುದಿಯಲ್ಲಿ ಕೂತಳು.
ನೂರಾ ಹದಿನೆಂಟನೇ ಹುಳ. ಗುಂಡಿ ಒತ್ತಿದಳು.
ಮೂತಿಯ ಮೇಲೆ ನೀಲಿ. ಸರ್ರನೆ ಹಿಂದಕ್ಕೆ.
ಬಿಟ್ಟಳು. ನಿಂತಿತು, ಓರೆಯಾಗಿ ತಿರುಗಿ ಬೇರೆ ದಾರಿ ಹಿಡಿಯಿತು.
ಮತ್ತೆ ಒತ್ತಿದಳು. ಮತ್ತೆ.

"ನಾವು ಮುಟ್ಟಿಲ್ಲಲ್ರೀ?"
ಇಲ್ಲ.
"ಮುಟ್ಟಿದ್ರು ಅಂದ್ಕೊಂಡು ಹಿಂದ ಸರೀತೈತಿ."
ಹೌದು.
"ಮನಷ್ಯಾರೂ ಸರೀತಾರ್ರಿ" ಅಂದಳು,
"ನಮ್ಮೂರ ಹೋಟೆಲ್‌ನಾಗ. ಬೆಳಕು ಗಿಳಕು ಬ್ಯಾಡ ಅದಕ್ಕ,
ನಾ ಬಾಗಲ್ದಾಗ ನಿಂತ್ರ ಸಾಕಿತ್ತು."

ಚುಕ್ಕಿ ಎಣಿಸುವವಳಂತೆ ನಾನು ಪರದೆ ನೋಡಿದೆ.

ಅಷ್ಟರಲ್ಲಿ ಕರೆಂಟು ಹೋಯಿತು.
ಇತ್ತ ಶಕ್ತಿನಗರದಲ್ಲಿ ಕಲ್ಲಿದ್ದಲು ಯಾರಿಗೋ ಉರಿಯುತ್ತಲೇ ಇತ್ತು.
ಯುಪಿಎಸ್ ಕೂಗತೊಡಗಿತು. ಅವಳು ಎದ್ದು, ಒದ್ದೆ ಬಟ್ಟೆ ಹಿಂಡಿ ತಂದು
ಪೆಟ್ಟಿಗೆಗೆ ಹೊದಿಸಿದಳು, ಬಾಣಂತಿ ಕೋಣೆಗೆ ಪರದೆ ಎಳೆದ ಹಾಗೆ.
ಮೊಬೈಲಿನ ಬೆಳಕಲ್ಲಿ ತಟ್ಟೆಯ ಮುಚ್ಚಳಕ್ಕೆ
ಮಾರ್ಕರಿನಿಂದ ೧೧೮ ಎಂದು ಬರೆದು
ಪಕ್ಕದಲ್ಲೊಂದು ಬಾಣ ಎಳೆದಳು:
ತಲೆ ಈ ಕಡೆ.

ಹುಳ ಆಗಲೇ ತಿರುಗಿರಬೇಕು.